ಮೊಳೆ ಹೊಡೆಯದೆ ಮಕ್ಕಳ ಕೋಣೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಮಕ್ಕಳ ಕೋಣೆಯ ಸಿಂಗಾರದ ಬಗ್ಗೆ ಈ ಸಲ ಬಂದ ಪತ್ರಗಳೆಲ್ಲ ಮುಂಬಯಿ, ಪುಣೆ, ಗೋವಾದ ಕನ್ನಡ ಮನೆಗಳವು. ಮನೆ ಬಾಡಿಗೆಯದು, ಮಳೆಗಾಲ ಬಂತೆಂದರೆ ಗೋಡೆ ಏನನ್ನೂ ಹಿಡಿದುಕೊಳ್ಳುವುದಿಲ್ಲ ಎಂಬ ಎರಡು ದೂರು ಬಹುತೇಕ ಎಲ್ಲದರಲ್ಲೂ ಇವೆ. ಹಾಗಾಗಿ ಇಲ್ಲಿ ಹೇಳಿದ ಹೆಚ್ಚಿನ ಕೆಲಸ ಗೋಡೆಯ ಮೇಲಲ್ಲ. ಮನೆ ಬಿಡುವಾಗ ಕಳಚಿ ಒಯ್ಯಬಹುದಾದ ಹಲಗೆ, ಬಟ್ಟೆ, ರಟ್ಟಿನ ಮೇಲೆ.

ಪ್ರಶ್ನೆ: ಹನ್ನೊಂದು ತಿಂಗಳ ಕರಾರಿನ ಮನೆ. ಮೊಳೆ ಹೊಡೆಯಕೂಡದೆಂದು ಮಾಲೀಕರು ಮೊದಲೇ ಹೇಳಿದ್ದಾರೆ. ಆರು ವರ್ಷದ ಮಗಳ ಚಿತ್ರಗಳನ್ನು ಡಬಲ್ ಟೇಪ್ ಹಾಕಿ ಅಂಟಿಸಿದರೆ ಎರಡೇ ದಿನಕ್ಕೆ ಬೀಳುತ್ತವೆ. ಬೀಳದಿದ್ದವನ್ನು ಕಿತ್ತರೆ ಗೋಡೆಯ ಬಣ್ಣವೇ ಹಕ್ಕಳೆಯಾಗಿ ಬರುತ್ತದೆ. ಡಿಪಾಸಿಟ್ ಉಳಿಯುವ ಉಪಾಯ ಹೇಳಿ. (ಒಬ್ಬ ತಾಯಿ, ಡೊಂಬಿವಲಿ)

ಉತ್ತರ: ಟೇಪ್ ಬದಲಿಸುವ ಮೊದಲು ಗೋಡೆಯನ್ನು ಅಂಗೈಯಿಂದ ಉಜ್ಜಿ ನೋಡಿ. ಕೈಗೆ ಬಿಳಿ ಪುಡಿ ಹತ್ತಿದರೆ ಅದು ಡಿಸ್ಟೆಂಪರ್ ಅಥವಾ ಸುಣ್ಣ. ಅಂತಹ ಗೋಡೆಯಲ್ಲಿ ಅಂಟು ಹಿಡಿಯುವುದು ಪುಡಿಯನ್ನು, ಗೋಡೆಯನ್ನಲ್ಲ. ಎಷ್ಟು ದುಬಾರಿ ಟೇಪ್ ತಂದರೂ ಪುಡಿಯ ಸಮೇತ ಕೆಳಗೆ ಬರುತ್ತದೆ. ಕೈಗೆ ಏನೂ ಹತ್ತದೆ ಗೋಡೆ ನುಣುಪಾಗಿದ್ದರೆ ಎಮಲ್ಷನ್ ಬಣ್ಣ. ಅದರ ಮೇಲೆ ಎಳೆದರೆ ಬಿಡುವ ಅಂಟುಪಟ್ಟಿ, ಅಂದರೆ ಕಮಾಂಡ್ ಸ್ಟ್ರಿಪ್ ಜಾತಿಯದು, ಚೆನ್ನಾಗಿ ನಿಲ್ಲುತ್ತದೆ.

ಆದರೆ ಹಚ್ಚುವ ಕ್ರಮ ತಪ್ಪಬಾರದು. ಗೋಡೆಯನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಎಂಬ ಸ್ಪಿರಿಟ್ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಲು ಬಿಡಿ. ಫಿನೈಲ್ ಅಥವಾ ಸೋಪಿನ ನೀರಿನಿಂದ ಒರೆಸಿದರೆ ತೆಳ್ಳನೆ ಜಿಡ್ಡು ಉಳಿದು ಅಂಟು ಹಿಡಿಯುವುದಿಲ್ಲ. ಪಟ್ಟಿಯನ್ನು 30 ಸೆಕೆಂಡ್ ಗಟ್ಟಿಯಾಗಿ ಒತ್ತಿ, ಒಂದು ಗಂಟೆ ಹಾಗೇ ಬಿಟ್ಟು ಆಮೇಲೆ ಭಾರ ಹಾಕಿ. ಹೊಸದಾಗಿ ಬಣ್ಣ ಬಳಿದಿದ್ದರೆ ಕನಿಷ್ಠ 7 ದಿನ ತಡೆಯಿರಿ. ತೆಗೆಯುವಾಗ ತುದಿಯನ್ನು ಗೋಡೆಗೆ ಒತ್ತಿದಂತೆಯೇ ನೇರ ಕೆಳಕ್ಕೆ, ನಿಧಾನವಾಗಿ ಎಳೆಯಿರಿ. ಪಟ್ಟಿ ರಬ್ಬರಿನಂತೆ ಉದ್ದವಾಗುತ್ತ ಬಿಟ್ಟುಕೊಳ್ಳುತ್ತದೆ. ಜನ ಅದನ್ನು ತಮ್ಮ ಕಡೆಗೆ ಎಳೆಯುತ್ತಾರೆ, ಬಣ್ಣ ಕಿತ್ತು ಬರುವುದು ಆಗಲೇ. ಮಗು ಮಲಗುವ ಜಾಗದ ಮೇಲೆ ಅಂಟುಪಟ್ಟಿಯಿಂದ ಏನನ್ನೂ ತೂಗುಹಾಕಬೇಡಿ.

ಗೋಡೆ ಡಿಸ್ಟೆಂಪರಿನದೇ ಆಗಿದ್ದರೆ ಅದನ್ನು ಮರೆತುಬಿಡಿ. ಮನೆಯಲ್ಲಿ ಸ್ಟೀಲ್ ಕಪಾಟು ಇದ್ದರೆ ಅದರ ಪಕ್ಕದ ಮೈಯೇ ಪ್ರದರ್ಶನದ ಫಲಕ: ಕತ್ತರಿಸಿ ಬಳಸುವ ರಬ್ಬರ್ ಮ್ಯಾಗ್ನೆಟ್ ಹಾಳೆ ತಂದು 2 ಸೆಂ.ಮೀ. ಅಗಲದ ಪಟ್ಟಿ ಮಾಡಿ, ಚಿತ್ರದ ಮೇಲಂಚು ಕೆಳಂಚು ಎರಡಕ್ಕೂ ಹಾಕಿ. ಮೇಲಕ್ಕೆ ಮಾತ್ರ ಹಾಕಿದರೆ ಫ್ಯಾನಿನ ಗಾಳಿಗೆ ಕೆಳಭಾಗ ಪಟಪಟನೆ ಬಡಿದು ಹರಿಯುತ್ತದೆ. ಮಿಣಮಿಣ ಹೊಳೆಯುವ ಪುಟ್ಟ ಗುಂಡು ಮ್ಯಾಗ್ನೆಟ್ ಮಾತ್ರ ಬೇಡವೇ ಬೇಡ. ಅಂತಹ ಎರಡನ್ನು ಮಗು ನುಂಗಿದರೆ ಅವು ಕರುಳಿನ ಎರಡು ಮಡಿಕೆಗಳ ನಡುವೆ ಒಂದನ್ನೊಂದು ಎಳೆದು ಅಲ್ಲಿ ತೂತು ಬೀಳಿಸಬಲ್ಲವು. ಕಪಾಟು ಇಲ್ಲದಿದ್ದರೆ ಕಿಟಕಿಯ ಗ್ರಿಲ್ಲಿಗೆ ಅಡ್ಡಲಾಗಿ ಸುತಳಿ ಬಿಗಿದು ಬಟ್ಟೆಯ ಕ್ಲಿಪ್ ಹಾಕಿ. ಹಗ್ಗ ಮಗುವಿನ ತಲೆಗಿಂತ ಮೇಲೆಯೇ ಇರಲಿ, ತುದಿಗಳು ಒಂದು ಗೇಣಿಗಿಂತ ಉದ್ದಕ್ಕೆ ನೇತಾಡದಿರಲಿ.

ಪ್ರಶ್ನೆ: ಜೂನ್ ಬಂದರೆ ಮಕ್ಕಳ ಕೋಣೆಯ ಹೊರಗೋಡೆ ತೇವ. ಹುಲಿ, ಜಿರಾಫೆ ಸ್ಟಿಕರ್‌ಗಳು ಗುಳ್ಳೆಯೆದ್ದು ನೇತಾಡುತ್ತವೆ. ಮಗ ಕಾಗದ ಅಂಟಿಸಿ ಮಾಡಿದ ಆನೆಯ ಮುಖವಾಡಕ್ಕೆ ಬೂಷ್ಟು ಹಿಡಿಯಿತು, ಉಳಿದದ್ದನ್ನು ಜಿರಳೆ ತಿಂದಿತು. (ಮೀರಾ ರೋಡ್)

ಉತ್ತರ: ಗೋಡೆಯ ತೇವ ಎಲ್ಲಿಂದ ಬರುತ್ತದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಒಂದೂವರೆ ಅಡಿ ಚೌಕದ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಅಂಚಿಗೆ ಟೇಪ್ ಹಾಕಿ ಗೋಡೆಗೆ ಮುಚ್ಚಿ, ಎರಡು ದಿನ ಬಿಡಿ. ಟೇಪ್ ನಿಲ್ಲದಷ್ಟು ಒದ್ದೆಯಿದ್ದರೆ ಪರೀಕ್ಷೆಯೇ ಬೇಡ, ಉತ್ತರ ಸಿಕ್ಕಂತೆಯೇ. ಹನಿಗಳು ಹಾಳೆಯ ಒಳಗೆ, ಗೋಡೆಯ ಕಡೆ ಇದ್ದರೆ ನೀರು ಗೋಡೆಯೊಳಗಿನಿಂದ ಬರುತ್ತಿದೆ. ಸೊಸೈಟಿಯವರು ಹೊರಗಿನ ಬಿರುಕು ಅಥವಾ ಪೈಪ್ ಸರಿಮಾಡಿಸುವವರೆಗೆ ಒಳಗೆ ಏನು ಹಚ್ಚಿದರೂ ದಂಡ. ಒಳಗಿನಿಂದ ವಾಟರ್‌ಪ್ರೂಫ್ ಬಣ್ಣ ಬಳಿದರೆ ನೀರು ಪಕ್ಕಕ್ಕೆ ಸರಿದು ಇನ್ನೊಂದು ಕಡೆ ಗುಳ್ಳೆ ಎಬ್ಬಿಸುತ್ತದೆ, ಅಷ್ಟೇ. ಹನಿಗಳು ಹಾಳೆಯ ಹೊರಮೈಯಲ್ಲಿ, ಕೋಣೆಯ ಕಡೆ ಇದ್ದರೆ ಅದು ಕೋಣೆಯ ಗಾಳಿಯ ಪಸೆ. ಮುಂಬಯಿಯ ಮಳೆಯಲ್ಲಿ ಒಗೆದ ಬಟ್ಟೆ ಒಳಗೇ ಒಣಗಬೇಕಲ್ಲ. ಆ ಹಗ್ಗವನ್ನು ಮಕ್ಕಳ ಕೋಣೆಯಿಂದ ಬೇರೆಡೆಗೆ ಕಟ್ಟಿ, ಕಪಾಟನ್ನು ಹೊರಗೋಡೆಯಿಂದ ಎರಡು ಇಂಚು ಮುಂದಕ್ಕೆ ಎಳೆದು, ಫ್ಯಾನ್ ತಿರುಗಲು ಬಿಟ್ಟರೆ ಅರ್ಧ ತೊಂದರೆ ಹೋಗುತ್ತದೆ.

ಎರಡರಲ್ಲಿ ಯಾವುದಾದರೂ ಸರಿ, ಅಲಂಕಾರವನ್ನು ಹೊರಗೋಡೆಯಿಂದ ನಡುಗೋಡೆಗೆ ವರ್ಗಾಯಿಸಿ. ಚೌಕಟ್ಟು ಹಾಕಿದ ಚಿತ್ರಗಳ ಹಿಂದಿನ ನಾಲ್ಕು ಮೂಲೆಗೆ ಬಾಟಲಿ ಬಿರಡೆಯ ಅರ್ಧ ಇಂಚಿನ ಬಿಲ್ಲೆ ಅಂಟಿಸಿದರೆ ಹಿಂದೆ ಗಾಳಿಯಾಡುತ್ತದೆ. ಬೋರ್ಡ್ ಮಾಡಿಸುವುದಾದರೆ ಎಂಡಿಎಫ್, ಅಂದರೆ ಮರದ ನಾರು ಒತ್ತಿ ಮಾಡಿದ ಹಲಗೆ, ಬೇಡ, ಪಸೆ ಹೀರಿ ಅಂಚು ಉಬ್ಬುತ್ತದೆ. 6 ಮಿ.ಮೀ. ದಪ್ಪದ, ಐಎಸ್ 710 ಎಂಬ ಭಾರತೀಯ ಮಾನಕದ ಗುರುತಿರುವ, ನೀರು ತಡೆಯುವ ಮರೀನ್ ಪ್ಲೈ ತೆಗೆದುಕೊಂಡು ಕತ್ತರಿಸಿದ ಅಂಚುಗಳಿಗೂ ಬಣ್ಣ ಹಚ್ಚಿ. ನೀರು ಒಳನುಗ್ಗುವುದು ಅಂಚಿನಿಂದಲೇ.

ಮುಖವಾಡ ಕೆಟ್ಟದ್ದು ಮೈದಾ ಗೋಂದಿನಿಂದ. ಜಿರಳೆಗೂ ಬೂಷ್ಟಿಗೂ ಅದು ಊಟ. ಬದಲಿಗೆ ಎರಡು ಪಾಲು ಫೆವಿಕಾಲ್‌ಗೆ ಒಂದು ಪಾಲು ನೀರು ಬೆರೆಸಿ. ರದ್ದಿ ಪೇಪರನ್ನು ಕತ್ತರಿಸದೆ ಒಂದು ಇಂಚಿನ ಪಟ್ಟಿಗಳಾಗಿ ಹರಿಯಿರಿ. ಹರಿದ ಅಂಚು ಒಂದರೊಳಗೊಂದು ಕೂರುತ್ತದೆ, ಕತ್ತರಿಸಿದ ಅಂಚು ಗೆರೆಯಾಗಿ ಎದ್ದು ಕಾಣುತ್ತದೆ. ಬೋಗುಣಿಗೆ ತೆಳ್ಳನೆ ಪ್ಲಾಸ್ಟಿಕ್ ಹೊದಿಸಿ, ಅದನ್ನು ಅಚ್ಚಾಗಿಟ್ಟುಕೊಂಡು ದಿನಕ್ಕೆ ಎರಡೇ ಪದರ ಹಚ್ಚಿ, ಒಟ್ಟು ನಾಲ್ಕು ಸಾಕು. ಒಂದೇ ಸಲ ಆರೇಳು ಪದರ ಹಚ್ಚಿದರೆ ಹೊರಗೆ ಗಟ್ಟಿಯಾಗಿ ಒಳಗೆ ಹಸಿ ಉಳಿದು ನಾಲ್ಕನೆಯ ದಿನಕ್ಕೆ ವಾಸನೆ ಬರುತ್ತದೆ. ಒಣಗಿತೋ ಇಲ್ಲವೋ ಎಂದು ಕೆನ್ನೆಗೆ ಮುಟ್ಟಿಸಿ ನೋಡಿ. ತಣ್ಣಗಿದ್ದರೆ ಒಳಗೆ ನೀರಿದೆ. ಬಣ್ಣದ ನಂತರ ವಾರ್ನಿಶ್ ಹಚ್ಚುವಾಗ ಒಳಮೈಗೂ ಹಚ್ಚಿ. ಅಲ್ಲಿ ಹಚ್ಚಲು ಬಹಳ ಜನ ಮರೆಯುತ್ತಾರೆ, ಬೂಷ್ಟು ಅಲ್ಲಿಂದಲೇ ಶುರು. ಮೈದಾವೇ ಬೇಕೆಂದರೆ ಒಂದು ಲೋಟಕ್ಕೆ ನಾಲ್ಕು ಲೋಟ ನೀರು ಹಾಕಿ ಗಂಟಾಗದಂತೆ ಕಾಯಿಸಿ, ಅರ್ಧ ಚಮಚ ಪಟಿಕದ ಪುಡಿ, ನಾಲ್ಕು ಹನಿ ಲವಂಗದ ಎಣ್ಣೆ ಸೇರಿಸಿ. ಹಳೆಯ ಕಾಲದವರು ಹಾಕುತ್ತಿದ್ದ ಮೈಲುತುತ್ತು ವಿಷ. ಮಕ್ಕಳ ಕೈಗೆ ಹೋಗುವ ಗೋಂದಿಗೆ ಅದು ಕೂಡದು. ನಮ್ಮನ್ನು ಕೇಳಿದರೆ, ಕಾಗದದ ದೊಡ್ಡ ಕೆಲಸವನ್ನು ನವೆಂಬರಿನಿಂದ ಫೆಬ್ರವರಿಯ ಒಳಗೆ ಮುಗಿಸಿಕೊಳ್ಳುವುದೇ ಒಳ್ಳೆಯದು.

ಪ್ರಶ್ನೆ: ಮೊಮ್ಮಗ ಶಾಲೆಯಲ್ಲಿ ಇಂಗ್ಲಿಷ್, ಮರಾಠಿ ಕಲಿಯುತ್ತಾನೆ. ಕೋಣೆಯಲ್ಲಾದರೂ ಕನ್ನಡ ಅಕ್ಷರ ಕಣ್ಣಿಗೆ ಬೀಳಲಿ ಎಂದು ಬಣ್ಣದ ಬಾವುಟಗಳ ಮಾಲೆ ಮಾಡಬೇಕೆಂದಿದ್ದೇನೆ. ಗೋಡೆ ಹತ್ತು ಅಡಿ. ಅಳತೆ ಹೇಗೆ? (ಒಬ್ಬ ಅಜ್ಜಿ, ಚಿಂಚವಡ, ಪುಣೆ)

ಉತ್ತರ: ಒಂದೇ ಮಾಲೆಯಾದರೆ ಹಿಡಿಯುವುದಿಲ್ಲ ಅಮ್ಮ. ಒಟ್ಟು 49 ಅಕ್ಷರ. ಒಂದೊಂದು ಬಾವುಟ 15 ಸೆಂ.ಮೀ. ಅಗಲ, ನಡುವೆ 2 ಸೆಂ.ಮೀ. ಬಿಟ್ಟರೂ ಎಂಟೂಕಾಲು ಮೀಟರ್ ದಾಟುತ್ತದೆ. ನಿಮ್ಮ ಗೋಡೆ ಮೂರು ಮೀಟರ್ ಚಿಲ್ಲರೆ. ಅಕ್ಷರವನ್ನು ಚಿಕ್ಕದು ಮಾಡಿ ತುರುಕಿದರೆ ಹಾಸಿಗೆಯಿಂದ ಓದಲಾಗದು. ಸ್ವರಗಳು 13, ಅಂ ಅಃ ಸೇರಿ 15: ಇವಕ್ಕೆ ಎರಡೂವರೆ ಮೀಟರಿಗಿಂತ ಒಂಚೂರು ಹೆಚ್ಚಿದ್ದರೆ ಸಾಕು. ಮಾಲೆಯನ್ನು ಇವಕ್ಕೆ ಮಾತ್ರ ಮಾಡಿ.

ವ್ಯಂಜನಗಳಿಗೆ ಜೇಬುಗಳ ಬಟ್ಟೆ ಹೊಲಿಯಿರಿ. ಕ ದಿಂದ ಮ ವರೆಗಿನ 25 ಅಕ್ಷರ ಐದು ಸಾಲು, ಐದು ಕಂಬವಾಗಿ ತಾನಾಗಿಯೇ ಕೂರುತ್ತವೆ. ಅಡ್ಡ ಸಾಲಿನಲ್ಲಿ ಕ ವರ್ಗ, ಚ ವರ್ಗ. ಮೇಲಿನಿಂದ ಕೆಳಗೆ ಓದಿದರೆ ಕ ಚ ಟ ತ ಪ. ಸದ್ದು ಹುಟ್ಟುವ ಜಾಗ ಗಂಟಲಿನಿಂದ ತುಟಿಯವರೆಗೆ ಬರುವುದನ್ನು ಮಗು ಬಾಯಲ್ಲೇ ಕಂಡುಕೊಳ್ಳುತ್ತದೆ. ಯ ದಿಂದ ಳ ವರೆಗಿನ 9 ಅಕ್ಷರ ಕೆಳಗೆ ಎರಡು ಸಾಲು, ಐದು ಮತ್ತು ನಾಲ್ಕು. ಕೊನೆಯಲ್ಲಿ ಉಳಿಯುವ ಜೇಬಿನಲ್ಲಿ ಮಗುವಿನ ಹೆಸರಿನ ಚೀಟಿ ಇರಲಿ. ಜೇಬು 12 ಸೆಂ.ಮೀ. ಅಗಲ, 8 ಸೆಂ.ಮೀ. ಎತ್ತರ, ಚೀಟಿ 10 ಕ್ಕೆ 12. ಮೇಲಿನ 4 ಸೆಂ.ಮೀ. ಹೊರಗೆ ಕಾಣುವುದರಿಂದ ಅಕ್ಷರವನ್ನು ಆ ಮೇಲ್ಭಾಗದಲ್ಲಿ ಬರೆಯಬೇಕು. ಇಡೀ ಚೀಟಿಯ ನಡುವೆ ಬರೆದರೆ ಜೇಬು ಅರ್ಧ ನುಂಗಿಬಿಡುತ್ತದೆ. ಅಥವಾ ಜೇಬಿಗೆ ಪಾರದರ್ಶಕ ಪ್ಲಾಸ್ಟಿಕ್ ಹೊಲಿಸಿದರೆ ಆ ತಾಪತ್ರಯವಿಲ್ಲ. ಹಿಂಬದಿಗೆ ಮಾಂಜರಪಾಟ್ ಬಟ್ಟೆ ಸರಿಯಾಗುತ್ತದೆ, ಆದರೆ ಹೊಲಿಯುವ ಮೊದಲು ನೆನೆಸಿ ಒಣಗಿಸಿ, ಗಂಜಿ ಹೋಗಿ ಅದು ಕುಗ್ಗುವುದಿದೆ. ಮೇಲೆ ಕೆಳಗೆ ಒಂದೊಂದು ಕೋಲು ತೂರಿಸಲು ನಾಲ್ಕು ಸೆಂ.ಮೀ. ಮಡಿಕೆ ಬಿಡಿ; ಕೆಳಗೆ ಕೋಲಿಲ್ಲದ ಬಟ್ಟೆ ಮುದುಡಿಕೊಳ್ಳುತ್ತದೆ.

ಬಾವುಟದ ಮಾಲೆಗೆ ಫೆಲ್ಟ್ ಬಟ್ಟೆಯಲ್ಲಿ ಅಕ್ಷರ ಕತ್ತರಿಸುವುದಾದರೆ ಗೆರೆಯ ದಪ್ಪ ಒಂದು ಸೆಂ.ಮೀ.ಗೆ ಕಡಿಮೆ ಬೇಡ. ಕನ್ನಡದ ತಲೆಕಟ್ಟು ಅಲ್ಲೇ ಹರಿಯುತ್ತದೆ. ಬಟ್ಟೆಯ ಹಿಂಬದಿಯಲ್ಲಿ ಗುರುತು ಹಾಕುವಿರಾದರೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಬರೆಯಬೇಕು, ಇಲ್ಲದಿದ್ದರೆ ಕತ್ತರಿಸಿ ಮಗುಚಿದಾಗ ಎಲ್ಲವೂ ಎಡವಟ್ಟು. ತೆಳು ಫೆಲ್ಟಿಗೆ ಫೆವಿಕಾಲ್ ಹಚ್ಚಿದರೆ ಇನ್ನೊಂದು ಬದಿಗೆ ಸೋರಿ ಕಲೆಯಾಗುತ್ತದೆ, ಆದ್ದರಿಂದ ನಾಲ್ಕು ಹೊಲಿಗೆ ಹಾಕಿಬಿಡಿ. ಅಕ್ಷರಗಳನ್ನು ಪುಣೆಯ ಅಂಗಡಿಯಲ್ಲಿ ಪ್ರಿಂಟ್ ಹಾಕಿಸುವುದಾದರೆ ವರ್ಡ್ ಫೈಲ್ ಕೊಡಬೇಡಿ. ಅವರ ಕಂಪ್ಯೂಟರಿನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಅಕ್ಷರದ ಜಾಗದಲ್ಲಿ ಚೌಕಗಳು ಬರುತ್ತವೆ. ಪಿಡಿಎಫ್ ಮಾಡಿ ಕೊಡಿ.

ಚಿತ್ರಗಳ ವಿಷಯದಲ್ಲಿ ಒಂದು ಮಾತು. ಐ ಅಂದರೆ ಐರಾವತ ಎಂಬುದನ್ನೇ ಏಕೆ ಹಿಡಿದುಕೊಳ್ಳಬೇಕು? ಐದು ಬೆರಳು ಬಿಡಿಸಿ, ಮಗು ತನ್ನ ಕೈ ನೋಡಿಕೊಳ್ಳುತ್ತದೆ. ಢ ಕ್ಕೆ ಪುಣೆಯ ಮಗುವಿಗೆ ಢೋಲಿಗಿಂತ ಬೇರೆ ಚಿತ್ರ ಬೇಡ, ಗಣಪತಿ ಹಬ್ಬದಲ್ಲಿ ಬೀದಿ ತುಂಬ ಅದೇ. ಙ, ಞ ಗಳಿಂದ ಶುರುವಾಗುವ ಪದ ಹುಡುಕಿ ತಲೆ ಕೆಡಿಸಿಕೊಳ್ಳದೆ ಚಿತ್ರವಿಲ್ಲದೆ ಬಿಡಿ.

ಪ್ರಶ್ನೆ: ಹತ್ತು ವರ್ಷದ ಮಗಳಿಗೆ ಕೋಣೆಗೆ ಒಂದು ವರ್ಲಿ ಚಿತ್ರ ಮಾಡಿಸೋಣವೆಂದರೆ, ಎಲ್ಲರ ಮನೆಯಲ್ಲೂ ಅದೇ ಇದೆ, ಬೇರೆ ಹೇಳಿ ಎನ್ನುತ್ತಾಳೆ. (ವಾಸ್ಕೊ, ಗೋವಾ)

ಉತ್ತರ: ಗೋವಾದಲ್ಲಿದ್ದೀರಿ, ಕಾವಿ ಕಲೆ ಮಾಡಿಸಿ. ಗೋವಾ ಮತ್ತು ಕರ್ನಾಟಕದ ಕರಾವಳಿಯ ಹಳೆಯ ದೇವಸ್ಥಾನಗಳ ಗೋಡೆಯಲ್ಲಿ ಬಿಳಿ ಸುಣ್ಣದ ಗಾರೆಯ ಮೇಲೆ ಕೆಂಪು ಪದರ ಬಳಿದು, ಅದು ಹಸಿಯಿರುವಾಗಲೇ ಮೊನಚು ಕಡ್ಡಿಯಿಂದ ಗೀರಿ ಕೆಳಗಿನ ಬಿಳಿಯನ್ನು ತೋರಿಸಿರುತ್ತಾರೆ. ಬಣ್ಣ ಎರಡೇ, ಕೆಂಪು ಬಿಳಿ. ಬಾಡಿಗೆ ಮನೆಯ ಯಾವ ಗೋಡೆಗೂ ಒಪ್ಪುತ್ತದೆ.

ಮನೆಯಲ್ಲಿ ಸುಣ್ಣ ಬೇಡ, ಕಣ್ಣಿಗೆ ಬಿದ್ದರೆ ಅಪಾಯ. ಒಂದು ಅಡಿ ಚೌಕದ 9 ಮಿ.ಮೀ. ಪ್ಲೈ ತುಂಡಿಗೆ ಡಬ್ಬಿಯಲ್ಲಿ ಕಲಸಿಯೇ ಸಿಗುವ ಅಕ್ರಿಲಿಕ್ ವಾಲ್ ಪುಟ್ಟಿಯನ್ನು ಎರಡು ತೆಳು ಪದರವಾಗಿ ಹಚ್ಚಿ, ಎರಡೂ ಸೇರಿ ಒಂದು ಮಿ.ಮೀ. ಮೀರದಿರಲಿ. ದಪ್ಪವಾದರೆ ಒಣಗುವಾಗ ಬಿರುಕು ಬಿಡುತ್ತದೆ. ಮರುದಿನ 220 ನಂಬರಿನ ಉಪ್ಪುಕಾಗದದಿಂದ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಆಮೇಲೆ ಒಂದು ಪಾಲು ಫೆವಿಕಾಲ್, ನಾಲ್ಕು ಪಾಲು ನೀರು ಬೆರೆಸಿ ಒಂದು ಕೈ ಬಳಿಯಿರಿ. ಈ ಹೆಜ್ಜೆ ಬಿಟ್ಟರೆ ಕೆಂಪು ಪುಟ್ಟಿಯೊಳಗೆ ಇಳಿದು, ಗೀರಿದಾಗ ಬಿಳಿಯ ಬದಲು ಗುಲಾಬಿ ಬರುತ್ತದೆ.

ಕೆಂಪಿಗೆ ಕೆಮ್ಮಣ್ಣಿನ ಪುಡಿ. ರಂಗೋಲಿ ಅಂಗಡಿಯಲ್ಲಿ ಗೇರೂ ಎಂದು ಕೇಳಿ. ಬಟ್ಟೆಯಲ್ಲಿ ಸೋಸಿದ ಪುಡಿ ನಾಲ್ಕು ಚಮಚ, ಫೆವಿಕಾಲ್ ಅರ್ಧ ಚಮಚ, ನೀರು ದೋಸೆ ಹಿಟ್ಟಿನ ಹದಕ್ಕೆ. ಫೆವಿಕಾಲ್ ಹೆಚ್ಚಾದರೆ ಗೀರುವಾಗ ಸಿಪ್ಪೆಯಂತೆ ಏಳುತ್ತದೆ, ಕಡಿಮೆಯಾದರೆ ಮುಟ್ಟಿದ ಕೈಯೆಲ್ಲ ಕೆಂಪು. ಬಳಿದ ಮೇಲೆ ಮೇಲ್ಮೈಯ ಹೊಳಪು ಹೋಗುವುದನ್ನು ಕಾಯಿರಿ, ಬೇಸಿಗೆಯಲ್ಲಿ ಅರ್ಧ ಗಂಟೆ, ಮಳೆಯಲ್ಲಿ ಇನ್ನೂ ಬಹಳ ಹೊತ್ತು. ಹೊಳಪಿರುವಾಗ ಗೀರಿದರೆ ಗೆರೆ ಮುಚ್ಚಿಕೊಳ್ಳುತ್ತದೆ, ಪೂರ್ತಿ ಒಣಗಿದ ಮೇಲೆ ಗೀರಿದರೆ ಅಂಚು ಉದುರುತ್ತದೆ. ಗೀರಲು ಇಂಕು ಮುಗಿದ ಬಾಲ್‌ಪೆನ್ನು ಸಾಕು.

ಮೊದಲ ವಿನ್ಯಾಸಕ್ಕೆ ಕೈವಾರದ ಹೂವು: ವೃತ್ತ ಎಳೆದು, ಕೈವಾರದ ಅಗಲ ಬದಲಿಸದೆ ಮುಳ್ಳನ್ನು ವೃತ್ತದ ಗೆರೆಯ ಮೇಲಿಟ್ಟು ಕಮಾನು ಎಳೆಯಿರಿ, ಕಮಾನು ವೃತ್ತವನ್ನು ಮುಟ್ಟಿದಲ್ಲಿ ಮತ್ತೆ ಮುಳ್ಳು ಇಡಿ. ಆರು ಸಲಕ್ಕೆ ಆರು ದಳ ಸರಿಯಾಗಿ ಕೂಡುತ್ತವೆ. ಕೂಡದಿದ್ದರೆ ಕೈವಾರದ ತಿರುಪು ಸಡಿಲ. ಕೆಂಪು ಹಸಿಯಿರುವ ಹೊತ್ತು ಕಡಿಮೆಯಾದ್ದರಿಂದ ಕಾಗದದಲ್ಲಿ ಎರಡು ಮೂರು ಸಲ ಕೈ ಕೂರಿಸಿಕೊಂಡೇ ಹಲಗೆಗೆ ಬನ್ನಿ. ಕೊನೆಗೆ ಸ್ಪ್ರೇ ವಾರ್ನಿಶ್ ಮಂಜಿನಂತೆ ಎರಡು ಕೈ. ಕುಂಚದಿಂದ ಹಚ್ಚಿದರೆ ಕೆಂಪು ಬಿಳಿಗೆ ಹರಿಯುತ್ತದೆ. ಸ್ಪ್ರೇ ಕೆಲಸ ದೊಡ್ಡವರದು, ಅದೂ ಬಾಲ್ಕನಿಯಲ್ಲಿ.

ಪ್ರಶ್ನೆ: ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕರ್ ಹಾಕಿದೆವು, ಮಿಣುಕುವುದೇ ಇಲ್ಲ. ಬದಲಿಗೆ ಪುಟ್ಟ ದೀಪಗಳ ಮಾಲೆ ಹಾಕಬಹುದೆ? ಕೋಣೆಯಲ್ಲಿ ಎರಡು ವರ್ಷದ ಕೂಸೂ ಇದೆ. (ಖಾರಘರ್)

ಉತ್ತರ: ಸ್ಟಿಕರ್ ಬೆಳಕನ್ನು ಕುಡಿದು ಆಮೇಲೆ ಬಿಡುತ್ತದೆ. ಮಲಗುವ ಮೊದಲು ಬಿಳಿ ಟ್ಯೂಬ್‌ಲೈಟ್ ಹದಿನೈದು ನಿಮಿಷ ಉರಿಯಲಿ. ಹಳದಿ ಮಂದ ದೀಪ ಸಾಲದು. ಸೀಲಿಂಗ್ ಫ್ಯಾನಿನ ರೆಕ್ಕೆ ನೆರಳು ಹಾಕುವ ಜಾಗದಲ್ಲಿ ಅಂಟಿಸಿದ್ದರೆ ಅವು ತುಂಬಿಕೊಳ್ಳುವುದೇ ಇಲ್ಲ. ಚೆಲ್ಲಾಪಿಲ್ಲಿಯಾಗಿ ಹಚ್ಚುವುದಕ್ಕಿಂತ ಸಪ್ತರ್ಷಿ ಮಂಡಲ ಮಾಡಿ: ಚೌಕದಲ್ಲಿ ಬಾಲದಿಂದ ದೂರದ ಬದಿಯ ಎರಡು ನಕ್ಷತ್ರಗಳ ನಡುವೆ 10 ಸೆಂ.ಮೀ. ಇಟ್ಟರೆ, ಅದೇ ಗೆರೆಯಲ್ಲಿ 50 ಸೆಂ.ಮೀ. ಮುಂದೆ ಧ್ರುವ. ಆಕಾಶದಲ್ಲೂ ಸುಮಾರು ಐದು ಪಟ್ಟೇ. ಕೂಸಿನ ಕೈಗೆ ಎಟಕುವ ಗೋಡೆಯಲ್ಲಿ ಬೇಡ, ಕಿತ್ತು ಬಾಯಿಗೆ ಹಾಕಿಕೊಳ್ಳುತ್ತದೆ.

ದೀಪದ ಮಾಲೆಯಲ್ಲಿ ಬಿಲ್ಲೆ ಬ್ಯಾಟರಿ ಇರುವುದನ್ನು ಮನೆಗೇ ತರಬೇಡಿ. ಕೂಸು ಅದನ್ನು ನುಂಗಿ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಯಲ್ಲಿ ಒಳಗೆ ಸುಟ್ಟ ಗಾಯವಾಗಬಹುದು. ಅನುಮಾನ ಬಂದರೂ ನೇರ ಆಸ್ಪತ್ರೆ. ಹಬ್ಬದ ಸೀರಿಯಲ್ ಸೆಟ್ ನೇರ 230 ವೋಲ್ಟಿನದು, ಮಂಚದ ಹತ್ತಿರ ಬರಕೂಡದು. ಯುಎಸ್‌ಬಿಯಿಂದ 5 ವೋಲ್ಟಿನಲ್ಲಿ ಉರಿಯುವ ಎಲ್‌ಇಡಿ ಮಾಲೆ ತೆಗೆದುಕೊಂಡು, ದೀಪಾವಳಿಯ ಆಕಾಶಬುಟ್ಟಿಯೊಳಗೆ ಇಟ್ಟು ಕಪಾಟಿನ ಮೇಲೆ ತೂಗಿ. ವೈರ್ ಕಪಾಟಿನ ಹಿಂದಿನಿಂದ ಇಳಿಯಲಿ.

ಪ್ರಶ್ನೆ: ಊರಿಂದ ತಂದ ಹಳೆಯ ಮರದ ತೊಟ್ಟಿಲಿಗೆ ಹಲವು ಪದರ ಆಯಿಲ್ ಪೇಂಟ್ ಇದೆ. ಉಜ್ಜಿ ಹೊಸ ಬಣ್ಣ ಹಚ್ಚಬಹುದೆ? (ಮುಲುಂಡ್)

ಉತ್ತರ: ಒಣ ಉಪ್ಪುಕಾಗದದಿಂದ ಉಜ್ಜಬೇಡಿ. ಭಾರತದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಪಾಲಿಗೆ 90 ಪಾಲು) ಮೀರಬಾರದೆಂಬ 2016ರ ನಿಯಮ ಜಾರಿಗೆ ಬಂದದ್ದು 2017ರ ನವೆಂಬರ್ 1ರಿಂದ. ಅದಕ್ಕೂ ಹಿಂದಿನ ಪದರಗಳಲ್ಲಿ ಸೀಸ ಇದೆಯೆಂದೇ ತಿಳಿದುಕೊಂಡು ಕೆಲಸ ಮಾಡಬೇಕು, ಆ ಧೂಳು ಮಕ್ಕಳಿಗೆ ಕೆಟ್ಟದ್ದು. ಬಣ್ಣ ಎಲ್ಲೂ ಏಳದೆ ಗಟ್ಟಿಯಾಗಿದ್ದರೆ, ವಾಟರ್ ಪೇಪರ್ ಒದ್ದೆ ಮಾಡಿ ಹೊಳಪು ಹೋಗುವಷ್ಟು ಮಾತ್ರ ಉಜ್ಜಿ, ಕೆಸರನ್ನು ಬಟ್ಟೆಯಲ್ಲಿ ತೆಗೆದು ಕಟ್ಟಿ ಎಸೆದು, ಡಬ್ಬಿಯ ಮೇಲೆ ಸೀಸದ ಮಿತಿ ಬರೆದಿರುವ ಹೊಸ ಬಣ್ಣ ಹಚ್ಚಿ. ಕೂಸು, ಬಸುರಿ ಆ ದಿನ ಬೇರೆ ಮನೆಯಲ್ಲಿರಲಿ. ಬಣ್ಣ ಹಕ್ಕಳೆ ಏಳುತ್ತಿದ್ದರೆ, ಅಥವಾ ಕೂಸು ಅಂಚು ಕಚ್ಚುವ ವಯಸ್ಸಿನದಾಗಿದ್ದರೆ, ತೊಟ್ಟಿಲನ್ನು ಮಲಗಿಸಲು ಬಳಸುವ ಯೋಚನೆಯನ್ನೇ ಬಿಡಿ.

ಪ್ರಶ್ನೆ: ಅತ್ತೆಯವರ ಇಳಕಲ್ ಸೀರೆಯಿಂದ ಕೋಣೆಗೆ ಪರದೆ ಮಾಡಬಹುದೆ? ಲೇಸು, ರಿಂಗು ಎಲ್ಲಿ ಸಿಗುತ್ತವೆ? (ಕೋಥ್ರೂಡ್, ಪುಣೆ)

ಉತ್ತರ: ಸೆರಗಿನ ಭಾಗ ಕತ್ತರಿಸಬೇಡಿ. ಐದೂವರೆ ಮೀಟರಿನ ಸೀರೆಯನ್ನು ನಡುವೆ ಎರಡು ಮಾಡಿದರೆ ಏಳಡಿ ಬಾಗಿಲಿಗೆ ಎರಡು ಪರದೆ, ಮೇಲೆ ಕೆಳಗೆ ಮಡಚಲು ಸಾಕಷ್ಟು ಉಳಿಯುತ್ತದೆ; ಒಂದಕ್ಕೆ ಸೆರಗು ಬರುತ್ತದೆ, ಇನ್ನೊಂದಕ್ಕೆ ಬರುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಕತ್ತರಿಸುವ ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಕೆಂಪು ಭಾಗ ಉಜ್ಜಿ ನೋಡಿ, ಬಣ್ಣ ಬಿಟ್ಟರೆ ಪರದೆ ಒಗೆಯುವಾಗ ಪ್ರತಿಸಲ ಗೋಳು. ಬಿಸಿಲು ಬೀಳುವ ಕಿಟಕಿಗಾದರೆ ಹಿಂದೆ ಬಿಳಿ ಕಾಟನ್ ಅಸ್ತರು ಹಾಕಿಸಿ, ಹಳೆಯ ಬಟ್ಟೆ ಬಿಸಿಲಿಗೆ ಬೇಗ ಪಿಸಿಯುತ್ತದೆ. ಸಾಮಾನಿಗೆ ಪುಣೆಯಲ್ಲಿ ತುಳಶಿಬಾಗ್ ಮತ್ತು ರವಿವಾರ ಪೇಟೆ. ಇದೇ ಪ್ರಶ್ನೆ ಕೇಳಿದ ಮುಂಬಯಿಯವರು ಬಟ್ಟೆಗೆ ಮಂಗಳದಾಸ್ ಮಾರ್ಕೆಟ್, ಕಾಗದ ರಟ್ಟು ಬಣ್ಣಕ್ಕೆ ಕ್ರಾಫರ್ಡ್ ಮಾರ್ಕೆಟ್ ಪಕ್ಕದ ಅಬ್ದುಲ್ ರೆಹಮಾನ್ ಸ್ಟ್ರೀಟ್ ನೋಡಿ. ಗೋವಾದವರಿಗೆ ಮಾಪುಸಾದ ಶುಕ್ರವಾರದ ಸಂತೆ ಇದೆ.

ಪ್ರಶ್ನೆ: ಮಗುವಿನ ಎತ್ತರ ಗುರುತು ಹಾಕುವ ಪಟ್ಟಿ ಮಾಡಿದೆವು. ಡಾಕ್ಟರ್ ಅಳೆದದ್ದಕ್ಕೂ ನಮ್ಮದಕ್ಕೂ ಎರಡು ಸೆಂ.ಮೀ. ವ್ಯತ್ಯಾಸ. (ಮಡಗಾಂವ್)

ಉತ್ತರ: ಗೋಡೆಯ ಬುಡದಲ್ಲಿ ಟೈಲ್ಸಿನ ಸ್ಕರ್ಟಿಂಗ್ ಇದೆಯೇ ನೋಡಿ. ಅದು ಒಂದು ಸೆಂ.ಮೀ. ಮುಂದಕ್ಕಿದ್ದರೆ ಹಿಮ್ಮಡಿ ಅದಕ್ಕೆ ತಾಗಿ ಬೆನ್ನು, ತಲೆ ಗೋಡೆಯಿಂದ ದೂರ ನಿಲ್ಲುತ್ತದೆ, ಮಗು ಹಿಂದಕ್ಕೆ ವಾಲುತ್ತದೆ. ಬಾಗಿಲ ಚೌಕಟ್ಟಿನ ಮಗ್ಗುಲಿಗೆ, ಸ್ಕರ್ಟಿಂಗ್ ಇಲ್ಲದ ಕಡೆ ಪಟ್ಟಿ ಬದಲಿಸಿ. ಬಟ್ಟೆಯ ಪಟ್ಟಿಯಾದರೆ ತೂಗಿದಂತೆ ಜಗ್ಗುತ್ತದೆ. ಮರದ ಪಟ್ಟಿಯೇ ಲೇಸು. 60 ಸೆಂ.ಮೀ.ನಿಂದ ಶುರುಮಾಡಿದ ಪಟ್ಟಿಯಾಗಿದ್ದರೆ ಅದರ ಕೆಳತುದಿ ನೆಲದಿಂದ ಸರಿಯಾಗಿ 60ಕ್ಕೇ ಇದೆಯೇ ಎಂದು ಸ್ಟೀಲ್ ಟೇಪಿನಿಂದ ಅಳೆಯಿರಿ. ತಲೆಯ ಮೇಲೆ ಸ್ಕೇಲ್ ಇಡುವ ಬದಲು ದಪ್ಪ ಪುಸ್ತಕದ ಬೆನ್ನನ್ನು ಗೋಡೆಗೆ ಒತ್ತಿ ಇಳಿಸಿದರೆ ಅದು ಓರೆಯಾಗುವುದಿಲ್ಲ. ಬೆಳಗ್ಗೆಗಿಂತ ಸಂಜೆ ಎತ್ತರ ಒಂದಿಷ್ಟು ಕಡಿಮೆ ಬರುವುದು ಸಹಜ, ಹಾಗಾಗಿ ಪ್ರತಿಸಲ ಒಂದೇ ಹೊತ್ತಿಗೆ ಅಳೆಯಿರಿ.